ನೀಲಿ ಕಪ್

ಅಪ್ಪಾ,

ನೀವು ಹೋದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು.

ಇವತ್ತು ಸರ್ಕಾರಿ ಕಂಪನಿಗಳ ಇತಿಹಾಸದ ಪ್ರದರ್ಶನಕ್ಕೆ ಹೋಗಿದ್ದೆ. ಸಾಬೂನು, ಬಲ್ಬು, ಬೆಂಕಿಪೆಟ್ಟಿಗೆ, ಒಂದೊಂದಕ್ಕೂ ಒಂದು ಮೇಜು. ಮೇಲೆ ಶುರುವಾದ ವರ್ಷ, ಬಾಗಿಲು ಹಾಕಿದ ವರ್ಷ. ನಿಮ್ಮ ಪಿಂಗಾಣಿ ಕಾರ್ಖಾನೆಯದು ಮೂಲೆಯ ಮೇಜು. ಉಗುರಿನಿಂದ ತಟ್ಟಿ ಬಿರುಕು ಕಂಡುಹಿಡಿಯುತ್ತಿದ್ದ ನಿಮ್ಮ ಮೂವತ್ತು ವರ್ಷದ ಕೆಲಸದ ಸುದ್ದಿಯೇ ಅಲ್ಲಿರಲಿಲ್ಲ. “ಸರಿಯಿದ್ರೆ ಟಿಣ್ ಅನ್ನತ್ತೆ, ಬಿರುಕಿದ್ರೆ ದಪ್ ಅನ್ನತ್ತೆ ಮಗಳೇ,” ಅನ್ನುತ್ತಿದ್ದಿರಿ. ಕೈ ಸುಮ್ಮನಿರದೆ ಅಲ್ಲಿದ್ದ ಹೂಜಿಯನ್ನು ತಟ್ಟಿದೆ. ಟಿಣ್ ಅಂದಿತು.

“ಮುಟ್ಟಬೇಡಿ ಮೇಡಂ!” ಕಾವಲಿನವನು ಗದರಿದ.

ನಾನೂ ಹೀಗೇ ಗದರಿದ್ದೆ. ಮದುವೆಯಾದ ಹೊಸತರಲ್ಲಿ, ನಮ್ಮತ್ತೆಯ ಎದುರೇ ನೀವು ನೀಲಿ ಕಪ್ ತಟ್ಟಿದಾಗ, “ಇದೇನು ನಿಮ್ಮ ಫ್ಯಾಕ್ಟರೀನಾ? ನನ್ನ ಮಾನ ಕಳೀಬೇಡಿ,” ಅಂದಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ನೀವು ಏನನ್ನೂ ತಟ್ಟಲಿಲ್ಲ. ಬಂದಾಗಲೆಲ್ಲ, “ಆ ನೀಲಿ ಕಪ್ ನಂಗೇ ಇರ್ಲಿ, ಬೇರೆಯವ್ರಿಗೆ ಕೊಡ್ಬೇಡ,” ಅನ್ನುತ್ತಿದ್ದಿರಿ. ಮುದುಕರ ಹಟ ಅಂದುಕೊಂಡಿದ್ದೆ.

ಮನೆಗೆ ಬಂದವಳೇ ಕಪಾಟಿನ ಕಪ್‌ಗಳನ್ನೆಲ್ಲ ಇಳಿಸಿ ತಟ್ಟಿದೆ. ಐದು ಕಪ್ ಟಿಣ್ ಅಂದವು.

ನೀಲಿಯದು ದಪ್ ಅಂದಿತು.