ಹಾಲಿಗೆ ತಿಳಿಯದ ಸುದ್ದಿ

ದಾಂಡೇಲಿ
೧೮-೮-೨೦೦೫

ಪ್ರೀತಿಯ ತಂಗಿ ನೀಲಾಳಿಗೆ,

ಹೇಗಿದ್ದೀಯ? ನಾವಿಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಪತ್ರಗಳಿಗೆ ಉತ್ತರಿಸಲಿಲ್ಲವೆಂದು ಬೈಯಬೇಡ, ಪೆನ್ನು ಹಿಡಿದರೆ ಸಾಕು ದಣಿವಾಗುತ್ತದೆ. ಹೆರಿಗೆಯ ಸುಸ್ತು ಇಷ್ಟರಲ್ಲಿ ಹೋಗಬೇಕಿತ್ತು ಅನ್ನುತ್ತಾರೆ ಡಾಕ್ಟರು. ನನ್ನದು ಯಾವ ಸುಸ್ತೋ ಅವರಿಗೂ ತಿಳಿದಿಲ್ಲ.

ಮಗು ಹೋದದ್ದು ಊರಿಗೆಲ್ಲ ಗೊತ್ತು, ಈ ಹಾಲಿಗೆ ಮಾತ್ರ ಇನ್ನೂ ಗೊತ್ತಿಲ್ಲ. ಪಕ್ಕದ ಮನೆಯ ಕೂಸು ಅತ್ತರೆ ನನ್ನ ಕುಪ್ಪಸ ನೆನೆಯುತ್ತದೆ. ನಮ್ಮತ್ತೆ ತಾಯವ್ವ ದಿನಾ ಸಂಜೆ ಮಲ್ಲಿಗೆ ದಂಡೆ ತಂದು ಎದೆಗೆ ಕಟ್ಟುತ್ತಾರೆ. "ಮಲ್ಲಿಗಿ ಕಟ್ಟಿದ್ರ ಹಾಲು ಹಿಂದ ಸರಿತೈತವ್ವ, ನಮ್ಮವ್ವನೂ ಹಿಂಗ ಮಾಡ್ತಿದ್ಲು" ಅನ್ನುತ್ತಾರೆ. ಆ ವಾಸನೆಗೇ ನನಗೆ ಸಿಟ್ಟು ಬರುತ್ತದೆ. ಆದರೆ ಪಾಪ, ಅವರೇ ನಡೆದು ಹೋಗಿ ತಂದದ್ದು, ಸೆರಗು ಸರಿಸಿ ಕಟ್ಟಿಸಿಕೊಳ್ಳುತ್ತೇನೆ. ಹಾಲು ನಿಲ್ಲಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ, ನಿದ್ದೆಯಾದರೂ ಬಂದೀತು.

ಪುಣೆಯ ಲ್ಯಾಬಿನಿಂದ ನೀನು ಬರೆದದ್ದನ್ನು ನಮ್ಮವರು ಎಲ್ಲರೆದುರು ಓದಿದರು. ಹಾಲು ತರುವ ಹಾರ್ಮೋನಿನ ಅಪ್ಪಣೆ ಕೇಳಿಸಿಕೊಳ್ಳಲು ಜೀವಕೋಶದ ಮೈಮೇಲೆ ಒಂದು ಪ್ರೋಟೀನು ಇರುತ್ತದಂತೆ. ಸಾಕು ಅನಿಸಿದಾಗ ಕೋಶವೇ ಅದಕ್ಕೊಂದು ಪುಟ್ಟ ಗುರುತು ಅಂಟಿಸಿ, ಒಳಗೆಳೆದುಕೊಂಡು ಚೂರು ಮಾಡುತ್ತದಂತೆ. ಆಮೇಲೆ ಹಾರ್ಮೋನು ಎಷ್ಟು ಕೂಗಿದರೂ ಕೇಳುವವರಿಲ್ಲ. ನಮ್ಮವರದು ಕಟ್ಟಿಗೆ ಡಿಪೋದ ಕೆಲಸವಲ್ಲವೇ, ಅವರಿಗೆ ಥಟ್ಟನೆ ತಿಳಿಯಿತು. "ಕಡಿಯೂ ಗಿಡಕ್ಕ ಮೊದ್ಲ ಗುರ್ತು ಹೊಡಿತೀವಲ್ಲ, ಹಂಗ. ಗುರ್ತಿಲ್ಲದ ಗಿಡಾ ಯಾರೂ ಮುಟ್ಟಂಗಿಲ್ಲ" ಅಂದರು.

ಅತ್ತೆ ಅದನ್ನು ಔಷಧ ಎಂದುಕೊಂಡರು. "ಆ ಗುರ್ತಿನ ಗುಳಿಗಿ ಪೋಸ್ಟಿನ್ಯಾಗ ಕಳಸಂತ ನಿನ್ನ ತಂಗಿಗೆ ಬರಿ. ಇಷ್ಟ್ ಕಲ್ತಾಳ, ಅಕ್ಕಗ ಇಷ್ಟೂ ಮಾಡಂಗಿಲ್ಲೇನು?" ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು. ಅಂಥ ಗುಳಿಗೆ ನಿನ್ನ ಹತ್ತಿರ ಇಲ್ಲ, ನೀನು ನೋಡುವುದು ತಟ್ಟೆಯಲ್ಲಿ ಬೆಳೆಸಿದ ಕೋಶಗಳನ್ನು ಎಂದು ಹೇಳಿದೆ. ಅವರು ನಂಬಲಿಲ್ಲ. ಜಿಪುಣಿ ಅಂದುಕೊಂಡಿದ್ದಾರೆ ನಿನ್ನನ್ನು.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ಜೋಪಾನ. ಉಳವಿಯ ಚೆನ್ನಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಉಮಾಶ್ರೀ

ತಾ.ಕ.: ಈ ಪತ್ರ ಅಂಚೆಗೆ ಹಾಕುವಷ್ಟರಲ್ಲಿ ಹಾಲು ನಿಂತುಹೋಯಿತು. ಅತ್ತೆ ದೇವರಿಗೆ ಸಕ್ಕರೆ ಇಟ್ಟರು, ನಮ್ಮವರ ಮುಖವೂ ಹಗುರಾಯಿತು. ನಾನು ಬಚ್ಚಲಲ್ಲಿ ಹಿಂಡಿ ಹಿಂಡಿ ನೋಡಿಕೊಂಡೆ, ಒಂದು ಹನಿಯೂ ಬರಲಿಲ್ಲ. ಹೆರಿಗೆಯ ಹೊತ್ತಿಗೆ ನನಗೆ ಎಚ್ಚರವಿರಲಿಲ್ಲ. ಕಣ್ಣು ಬಿಡುವುದರೊಳಗೆ ಮಣ್ಣು ಮಾಡಿ ಬಂದಿದ್ದರು. ಅವನ ಮುಖ ನಾನು ನೋಡಿಲ್ಲ ನೀಲಾ. ನನಗೊಬ್ಬ ಮಗ ಹುಟ್ಟಿದ್ದ ಅನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಈ ಹಾಲೊಂದೇ.