ಹನ್ನೆರಡನೇ ಕ್ಲಾಂಪು

ವರ್ಕ್‌ಶಾಪಿನ ಮೇಲಿನ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯೇ? ಕತ್ತುನೋವು ಕಮ್ಮಿಯಾಯ್ತಾ? ಎಂಟೆಂಟು ಗಂಟೆ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಆಪರೇಷನ್ ಮಾಡಿದರೆ ಇನ್ನೇನಾಗುತ್ತೆ! ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಚೆನ್ನಾಗಿದ್ದೀನಿ ಅಂತ ಬರೀಬೇಕು, ಬರೆದಿದ್ದೀನಿ. ಈ ಕಾಗದ ನಿಮ್ಮ ಆಸ್ಪತ್ರೆಗೆ ಹೋಗೋ ಪೆಟ್ಟಿಗೆಯೊಳಗೇ ಇಡ್ತಿದ್ದೀನಿ.

ಅಮ್ಮನ ಕಾಲಂತೂ ನೆಲದ ಮೇಲೆ ನಿಲ್ತಾ ಇಲ್ಲ. ಬಡಗಿಯ ತುಂಡಾದ ಹೆಬ್ಬೆರಳನ್ನ ನೀನು ಜೋಡಿಸಿದ್ದು ಪೇಪರಿನಲ್ಲಿ ಬಂತಲ್ಲ, ಆ ಪೇಪರಿನ ಚೂರನ್ನ ಕತ್ತರಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ದರ್ಜಿಗೆ, ಹಾಲಿನವಳಿಗೆ, ಕೊನೆಗೆ ಮೀಟರ್ ನೋಡೋಕೆ ಬಂದವನಿಗೂ ತೋರಿಸಿದ್ಲು. 'ನನ್ನ ಚಿಕ್ಕ ಮಗಳು, ದಾರದಷ್ಟು ಸಣ್ಣ ರಕ್ತನಾಳ ಹೊಲೀತಾಳೆ!' ಫೋಟೋದಲ್ಲಿ ನಿನ್ನ ಕೈ ಪಕ್ಕ ಪುಟ್ಟದಾಗಿ ಹೊಳೀತಿದ್ಯಲ್ಲ, ನಾಳದ ಎರಡೂ ತುದಿ ಹಿಡಿದು, ರಕ್ತ ತಡೆದು, ನೀನು ಹೊಲಿಯೋ ತನಕ ಅಲುಗದೆ ನಿಂತಿರೋ ಕ್ಲಾಂಪು, ಅದನ್ನ ಅರದಲ್ಲಿ ಉಜ್ಜಿ ಉಜ್ಜಿ ಮಾಡಿದವಳು ನಾನು. ಅಮ್ಮ ಪೇಪರ್ ಹಿಡಿದಾಗಲೆಲ್ಲ ಅವಳ ಹೆಬ್ಬೆರಳು ಸರಿಯಾಗಿ ಅದರ ಮೇಲೇ ಕೂರುತ್ತೆ. ಬೆರಳು ತೆಗಿಯಮ್ಮಾ ಅಂದರೆ, 'ಏನೇ ನಿನ್ನ ಹೊಟ್ಟೆಕಿಚ್ಚು' ಅಂದ್ಲು. ಹೂಂ ಕಣೇ, ಹೊಟ್ಟೆಕಿಚ್ಚೇ. ಸೂಜಿಗೆ ದಾರ ಪೋಣಿಸೋಕೆ ಬರದೆ ಅಕ್ಕಾ ಅಕ್ಕಾ ಅಂತ ನನ್ನ ಬೆನ್ನು ಹತ್ತುತ್ತಿದ್ದವಳು ನೀನು. ಈಗ ಊರೆಲ್ಲ ನಿನ್ನ ಕೈಚಳಕದ ಮಾತೇ.

ನನ್ನ ಪರೀಕ್ಷೆ ನಿನಗೆ ಗೊತ್ತಲ್ಲ. ಕ್ಲಾಂಪನ್ನ ಎಡಗೈ ಬೆರಳ ಸಂದಿಯ ತೆಳು ಚರ್ಮಕ್ಕೆ ಕಚ್ಚಿಸಿ, ತೆಗೆದು, ಹತ್ತು ಎಣಿಸ್ತೀನಿ. ಅಷ್ಟರಲ್ಲಿ ಗುರುತು ಮಾಯವಾದರೆ ಪಾಸು. ಇಲ್ಲದಿದ್ದರೆ ಸ್ಪ್ರಿಂಗು ಬಿಗಿ, ನಾಳ ಜಜ್ಜಿಹೋಗುತ್ತೆ, ಒಳಗೆ ರಕ್ತ ಹೆಪ್ಪುಗಟ್ಟುತ್ತೆ. ಮೇಸ್ತ್ರಿಯ ಯಂತ್ರ ಹತ್ತರಲ್ಲಿ ಒಂದನ್ನ ನೋಡುತ್ತೆ, ನನ್ನ ಬೆರಳು ಎಲ್ಲವನ್ನೂ ನೋಡುತ್ತೆ.

ಅಮ್ಮ ಆಶೀರ್ವಾದ ಕಳಿಸಿದ್ದಾಳೆ. ನನ್ನದೂ ಸೇರಿಸ್ಕೋ, ಈ ಸಲ ಸ್ವಲ್ಪ ಕಮ್ಮಿ ಇದ್ದೀತು.

ನಿನ್ನ ಅಕ್ಕ

ತಾ.ಕ.: ಪಾರ್ಸಲಿನವನು ಕೆಳಗೆ ಕೂಗ್ತಿದ್ದಾನೆ. ಪೆಟ್ಟಿಗೆಯ ಸೀಲು ಒಡೆದವಳು ನಾನೇ. ಒಳಗೆ ಹನ್ನೆರಡರ ಬದಲು ಹನ್ನೊಂದೇ ಕ್ಲಾಂಪು ಇವೆ. ಪೇಪರ್ ಬಂದ ದಿನ ಹನ್ನೆರಡನೇದರ ಗುರುತು ಹತ್ತು ಎಣಿಸಿದರೂ ಹೋಗಲಿಲ್ಲ. ಗೊತ್ತಿದ್ದೂ ಒಳಗೆ ಹಾಕಿದೆ. ಒಂದೇ ಒಂದು ಸಲ ನಿನ್ನ ಹೊಲಿಗೆ ಕೆಡಲಿ ಅಂತ. ಆ ಮೇಜಿನ ಮೇಲೆ ಮಲಗೋದು ನೀನಲ್ಲ, ಇನ್ಯಾರೋ ಬಡಗಿ ಅಂತ ಹೊಳೆದಿದ್ದು ಬೆಳಿಗ್ಗೆ, ಇವನು ಪೆಟ್ಟಿಗೆ ಎತ್ತಿದಾಗ. ಮಧ್ಯಾಹ್ನ ಬಾ ಅಂತ ಇವನನ್ನ ಕಳಿಸಿ, ಅದನ್ನ ಪೆಟ್ಟಿಗೆಯಿಂದ ಆರಿಸಿಕೊಂಡೆ. ಈ ಕಾಗದ ಬರೆದು ಮುಗಿಸೋ ತನಕ ಅದು ನನ್ನ ಬೆರಳ ಸಂದಿಯಲ್ಲೇ ಇತ್ತು, ಈಗ ತೆಗೆದೆ. ನೂರು ಎಣಿಸಿದ್ದಾಯ್ತು ಪುಟ್ಟಿ. ಗುರುತು ಇನ್ನೂ ಹೋಗಿಲ್ಲ.