ಮಗ್ಗ ನಿಂತಾಗ

ಜೂನ್ 3, ಮಧ್ಯಾಹ್ನ 2

ಫೀಡಿಂಗ್ ಮುಗಿಯಿತು. ಸಿಂಚನ ಮಲಗಿದಳು. ನನಗೆ ನಿದ್ದೆ ಇಲ್ಲ — ಐದು ನಿಮಿಷಕ್ಕೊಮ್ಮೆ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದೇ ಆಯಿತು.

ಬಾಣಂತನಕ್ಕೆ ದೊಡ್ಡಬಳ್ಳಾಪುರಕ್ಕೆ ಬಂದು ಎಪ್ಪತ್ತು ದಿನ. ಗೋಡೆಯಾಚೆ ಅಪ್ಪನ ನಾಲ್ಕು ಪವರ್‌ಲೂಮ್. ಲಟಕ್ ಪಟಕ್, ಲಟಕ್ ಪಟಕ್. ನಾನು ಬೆಳೆದ ಸದ್ದು. ಅದರಲ್ಲೂ ಅಲುಗದೆ ಮಲಗಿದ್ದಾಳೆ! ವಿಡಿಯೊ ಮಾಡಿ ಸ್ಟೇಟಸ್ ಹಾಕಿದೆ — ‘ಸೋ ನಾಸ್ಟಾಲ್ಜಿಕ್’.

ಸೋಂಪುರದ ಫ್ಯಾಕ್ಟರಿಯಿಂದ ಇವರ ಫೋನ್. “ಮೊನ್ನೆ ಸೀಗೆಕಾಯಿ ನಾಸ್ಟಾಲ್ಜಿಕ್ಕು, ನೆನ್ನೆ ಹಳೇ ಟ್ರಂಕು. ಈಗ ಈ ಗಲಾಟೇನೂನಾ? ನಮ್ ಫ್ಯಾಕ್ಟರಿಗೆ ಬಾರೇ, ಬೇಜಾನ್ ಐತೆ.”

ಅಮ್ಮನಿಗೆ ಹೆಮ್ಮೆ. “ಮಗ್ಗದ ಮನೆ ರಕ್ತ ಕಣೇ. ನೀನೂ ಹಿಂಗೇ. ಮಗ್ಗ ಓಡ್ತಿದ್ರೆ ಗೊರಕೆ. ಕರೆಂಟ್ ಹೋಗಿ ನಿಂತ್ರೆ ಬೀದಿಗೆಲ್ಲ ಕೇಳೋಹಂಗೆ ಕಿರುಚ್ತಿದ್ದೆ.”

ಜೂನ್ 4, ಬೆಳಿಗ್ಗೆ 11.40

ಕರೆಂಟ್ ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ಪಕ್ಕದ ಮನೆ ರಂಜಿತಳ ಕೂಸು ತಕ್ಷಣ ಶುರು. ಈಗ ಇವಳೂ ಏಳುತ್ತಾಳೆ ಅಂತ ನಗುತ್ತಾ ಬಗ್ಗಿ ನೋಡಿದೆ.

ಏಳಲಿಲ್ಲ.

ಚಪ್ಪಾಳೆ ತಟ್ಟಿದೆ. ಕೂಗಿದೆ. ಸ್ಟೀಲ್ ತಟ್ಟೆ ನೆಲಕ್ಕೆ ಬಿಟ್ಟೆ. ಅಪ್ಪ ಓಡಿ ಬಂದರು. “ಏನಮ್ಮಾ ಅದು? ಮಗು ಬೆಚ್ಚಲ್ವಾ?”

“ಬೆಚ್ಚಲಿಲ್ಲ ಅಪ್ಪಾ...”

ಅಮ್ಮ ತಟ್ಟೆ ಎತ್ತಿಕೊಂಡು ತಾನೇ ಇನ್ನೊಮ್ಮೆ ಬಿಟ್ಟಳು.

12.15

ಡಿಸ್ಚಾರ್ಜ್ ದಿನ ಹೇಳಿದ್ದರು, ತಿಂಗಳು ಬಿಟ್ಟು ಕಿವಿ ಟೆಸ್ಟ್‌ಗೆ ಬನ್ನಿ ಅಂತ. ಚೀಟಿ ಬ್ಯಾಗಿನಲ್ಲೇ ಇದೆ. ಈ ಗದ್ದಲದಲ್ಲೂ ಮಲಗುವ ಮಗುವಿಗೆ ಏನು ಟೆಸ್ಟ್ ಅಂದುಕೊಂಡೆ. ಡಿಗ್ರಿ ಮಾಡಿದವಳು!

ಸ್ಟೇಟಸ್ ಇನ್ನೂ ಇದೆ. ಅರವತ್ಮೂರು ಜನ ನೋಡಿದ್ದಾರೆ. ನಾಸ್ಟಾಲ್ಜಿಕ್ ಅಂತೆ. ಥೂ. ಅಳಿಸಿದೆ.

ಜೂನ್ 16

ಎರಡನೇ ಟೆಸ್ಟೂ ಆಯಿತು. ಎರಡೂ ಕಿವಿ.

ಮಷಿನ್, ಆಮೇಲೆ ಆಪರೇಷನ್... ಡಾಕ್ಟರ್ ಹೇಳುತ್ತಲೇ ಇದ್ದರು. ಮನೆ ಬಾಗಿಲಲ್ಲಿ ಇವರು, “ಆ ವಿಡಿಯೊ ಇದ್ರೆ ನಂಗೆ ಕಳ್ಸು.”

ಜೂನ್ 17, ಬೆಳಿಗ್ಗೆ 9

ನಿನ್ನೆಯಿಂದ ಅಪ್ಪ ಮಗ್ಗ ಮುಟ್ಟಿಲ್ಲ. “ಆನ್ ಮಾಡಿ ಅಪ್ಪಾ” ಅಂದೆ. ಅಳುತ್ತಿದ್ದ ಸಿಂಚನಳನ್ನು ಎತ್ತಿಕೊಂಡು ಅವಳ ಅಂಗೈ ಗೋಡೆಗೆ ಒತ್ತಿ ಹಿಡಿದೆ. ಮಗ್ಗ ಓಡಿದರೆ ಆ ಗೋಡೆ ಅದುರುತ್ತದೆ, ಚಿಕ್ಕಂದಿನಿಂದ ಗೊತ್ತು. ಓಡಿತು. ಅವಳ ಕಣ್ಣು ದೊಡ್ಡದಾಯಿತು. ಬೆರಳು ಅಗಲವಾಯಿತು. ಅಳು ನಿಲ್ಲಿಸಿ ಗೋಡೆಯನ್ನೇ ನೋಡಿದಳು.

ಅಪ್ಪನಿಗೆ ಸನ್ನೆ ಮಾಡಿದೆ. ಸ್ವಿಚ್ ಆಫ್.

ತುಟಿ ಸೊಟ್ಟಗಾಯಿತು. ಮುಖ ಕೆಂಪು. ಆಮೇಲೆ — ಅಮ್ಮ ಹೇಳಿದ ಹಾಗೇ, ಬೀದಿಗೆಲ್ಲ ಕೇಳುವಂತೆ ಕಿರುಚಿದಳು.